ಕಾಟಾ ಕೋಣೆಯ ಕಂಪ್ಯೂಟರಿಗೆ ಯಾವ ಪರದೆ?

ಅಥಣಿ, ರಾಯಬಾಗ, ಜಮಖಂಡಿ, ಮುಧೋಳದ ಕಡೆ ಕಬ್ಬಿನ ಗಾಡಿ ತೂಕಕ್ಕೆ ಹತ್ತುವ ಕಾಟಾದ ಪಕ್ಕದಲ್ಲೊಂದು ಚಿಕ್ಕ ಕೋಣೆ ಇರುತ್ತದೆ. ಒಳಗೆ ಹಳೆಯ ಡೆಸ್ಕ್‌ಟಾಪ್, ತೂಕ ತೋರಿಸುವ ಇಂಡಿಕೇಟರ್, ಚೀಟಿ ಹೊಡೆಯಲು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಎಷ್ಟೋ ಕಡೆ ಈ ಕಂಪ್ಯೂಟರಿನಲ್ಲಿ ಇವತ್ತಿಗೂ ಓಡುವುದು ವಿಷುಯಲ್ ಬೇಸಿಕ್ 6ರಲ್ಲಿ ಬರೆದ ಸಾಫ್ಟ್‌ವೇರ್, ಅದರ ಹಿಂದೊಂದು ಅಕ್ಸೆಸ್ ಡೇಟಾಬೇಸ್ ಫೈಲು. ಮಹಾಲಿಂಗಪುರದ ಬೆಲ್ಲದ ಅಡತಿ, ವಿಜಯಪುರದ ಒಣದ್ರಾಕ್ಷಿ ವ್ಯಾಪಾರ, ಊರೂರಿನ ಪತ್ತಿನ ಸಂಘ ಇವುಗಳಲ್ಲೂ ಇದೇ ಸಂಸಾರದ ಬೇರೆ ಬೇರೆ ರೂಪಗಳು ಸಿಗುತ್ತವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕೂ ಹೊಸ ಪ್ರೊಸೆಸರ್ ಇರಬೇಕು. ಹಾಗಾಗಿ ಯಂತ್ರ ಬದಲಾಗುತ್ತಿದೆ, ಅದರ ಜೊತೆ ಸಾಫ್ಟ್‌ವೇರನ್ನೂ ಹೊಸದಾಗಿ ಬರೆಸುವ ಮಾತು ಬರುತ್ತಿದೆ. ಆಗ ಎದುರಾಗುವ ಪ್ರಶ್ನೆ: ಪರದೆಯನ್ನು, ಅಂದರೆ ಆಪರೇಟರಿನ ಕಣ್ಣಿಗೆ ಕಾಣುವ ಫಾರ್ಮು, ಬಟನ್ನುಗಳನ್ನು, ಯಾವುದರಲ್ಲಿ ಕಟ್ಟುವುದು? ವಿನ್‌ಫಾರ್ಮ್ಸ್, ಡಬ್ಲ್ಯುಪಿಎಫ್, ವಿನ್‌ಯುಐ, ಕ್ಯೂಟಿ, ಎಲೆಕ್ಟ್ರಾನ್, ಟೌರಿ, ಫ್ಲಟರ್, ಅವಲೋನಿಯಾ, ಜಾವಾ ಎಂದು ಪರದೆ ಕಟ್ಟುವ ಸಲಕರಣೆಗಳ ಪಟ್ಟಿ ಉದ್ದವಿದೆ. ಚರ್ಚೆ ಸಾಮಾನ್ಯವಾಗಿ ಯಾವುದು ಹೊಸದು, ಯಾವುದು ಚೆಂದ ಎಂಬಲ್ಲಿ ಶುರುವಾಗುತ್ತದೆ. ಅದು ಶುರುವಾಗಬೇಕಾದದ್ದು ಕಂಪ್ಯೂಟರಿನ ಹಿಂಬದಿಯ ವೈರಿನಿಂದ.

ಬರೆಸಲೇಬೇಕೆ?

ಮೊದಲು ಇದನ್ನು ನೋಡಿಬಿಡಬೇಕು. ವಿಷುಯಲ್ ಬೇಸಿಕ್ 6 ಬಂದದ್ದು 1998ರಲ್ಲಿ, ಅದರ ಅಭಿವೃದ್ಧಿ ಪರಿಸರಕ್ಕೆ ಬೆಂಬಲ ನಿಂತದ್ದು 2008ರಲ್ಲಿ. ಆದರೆ ಅದರಲ್ಲಿ ಬರೆದದ್ದನ್ನು ಓಡಿಸುವ ರನ್‌ಟೈಮ್ ವಿಂಡೋಸ್ 11ರಲ್ಲೂ ಇದೆ. ಹಳೆಯ ಎಕ್ಸಿ ಫೈಲನ್ನು ಹೊಸ ಯಂತ್ರಕ್ಕೆ ಹಾಕಿದಾಗ ಕೈಕೊಡುವುದು ಬಹುತೇಕ ಎರಡು ಜಾಗದಲ್ಲಿ. ಒಂದು, ಇಂಡಿಕೇಟರಿನ ವೈರು ಬಂದು ಸೇರುವ ಸೀರಿಯಲ್ ಪೋರ್ಟಿಗೆ ಬಳಸಿದ ಎಂಎಸ್‌ಕಾಮ್ ಒಸಿಎಕ್ಸ್. ಅದು ವಿಂಡೋಸ್ ಜೊತೆ ಬರುವುದಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ ಅದನ್ನು ಸಿಸ್‌ವಾವ್64 ಫೋಲ್ಡರಿಗೆ ಹಾಕಿ, ಅದೇ ಫೋಲ್ಡರಿನ ರೆಗ್‌ಸರ್ವರ್32ನಿಂದ, ಅಡ್ಮಿನಿಸ್ಟ್ರೇಟರ್ ಆಗಿ ನೋಂದಾಯಿಸಬೇಕು. ಸಿಸ್ಟಂ32ಕ್ಕೆ ಹಾಕಿ ತಲೆ ಕೆರೆದುಕೊಳ್ಳುವವರೇ ಹೆಚ್ಚು. ಇನ್ನೊಂದು ಜೆಟ್ 4.0 ಎಂಬ ಅಕ್ಸೆಸ್ ಚಾಲಕ. ಇದು 32 ಬಿಟ್‌ನಲ್ಲಿ ಮಾತ್ರ ಇದೆ. ವಿಬಿ6 ಎಕ್ಸಿಯೂ 32 ಬಿಟ್ ಆದ್ದರಿಂದ ಅಲ್ಲಿ ತೊಂದರೆ ಇಲ್ಲ. ಆದರೆ ಅದೇ ಫೈಲನ್ನು ಓದಲು ಮೈಕ್ರೋಸಾಫ್ಟಿನ ಡಾಟ್‌ನೆಟ್ ವೇದಿಕೆಯಲ್ಲಿ ಹೊಸದಾಗಿ ಬರೆದ ಸಾಫ್ಟ್‌ವೇರ್ 64 ಬಿಟ್ ಆಗಿ ಓಡಿತೆಂದರೆ ‘ಪ್ರೊವೈಡರ್ ನೋಂದಣಿಯಾಗಿಲ್ಲ’ ಎಂಬ ದೂರು ಬರುತ್ತದೆ. ಬಿಲ್ಡ್ ಗುರಿಯನ್ನು ಎಕ್ಸ್86ಕ್ಕೆ, ಅಂದರೆ 32 ಬಿಟ್ಟಿಗೆ, ಬದಲಿಸಿದರೆ ಸರಿಹೋಗುತ್ತದೆ.

ಹೀಗೆ ಒಂದು ಹಂಗಾಮು ದಾಟಿಸಬಹುದು. ಹಳೆಯ ಯಂತ್ರವನ್ನೇ ಇಟ್ಟುಕೊಳ್ಳುವವರಿಗೆ ದುಡ್ಡು ಕೊಟ್ಟು ಪಡೆಯುವ ವಿಸ್ತರಿತ ಭದ್ರತಾ ಅಪ್‌ಡೇಟ್‌ಗಳೂ ಇವೆ, ಸಂಸ್ಥೆಗಳಿಗೆ 2028ರ ಅಕ್ಟೋಬರ್‌ವರೆಗೆ. ಅಕ್ಟೋಬರ್–ನವೆಂಬರಿನಲ್ಲಿ ಗಾಡಿಗಳ ಸಾಲು ನಿಂತಾಗ ಹೊಸ ಸಾಫ್ಟ್‌ವೇರ್ ಕೂರಿಸಲು ಹೋಗುವುದು ಹುಚ್ಚುತನ. ಹಳೆಯದನ್ನು ಉಸಿರಾಡಿಸಿಕೊಂಡು, ಕಾರ್ಖಾನೆ ನಿಂತ ಮೇಲೆ ಹೊಸದಕ್ಕೆ ಕೈ ಹಾಕುವುದೇ ಸರಿ.

ಹಳೆಯದನ್ನು ಬಿಡಲು ನಿಜವಾದ ಕಾರಣ ಬೇರೆ ಇದೆ. ವಿಬಿ6ರ ಸ್ವಂತ ಟೆಕ್ಸ್ಟ್‌ಬಾಕ್ಸಿಗೆ ಯುನಿಕೋಡ್ ಕನ್ನಡ ಬರುವುದಿಲ್ಲ. ಅದಕ್ಕೇ ಆ ಕಾಲದವರು ನುಡಿ, ಬರಹದ ಆಸ್ಕಿ ಫಾಂಟುಗಳನ್ನು ಹಾಕಿ ಕೆಲಸ ನಡೆಸಿದರು. ಇವತ್ತು ರೈತನ ಹೆಸರನ್ನು ಎಸ್ಸೆಮ್ಮೆಸ್ಸಿಗೆ ಕಳಿಸಬೇಕು, ಬ್ಯಾಂಕಿನ ಫೈಲಿಗೆ ಕೊಡಬೇಕು, ಮೊಬೈಲಿನಲ್ಲಿ ತೋರಿಸಬೇಕು. ಆಸ್ಕಿ ಹೆಸರು ಅಲ್ಲೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲಾಗಿ ಕಾಣುತ್ತದೆ.

ವೈರಿನ ಕಡೆಯಿಂದ

ಕಾಟಾದ ಇಂಡಿಕೇಟರ್ ಆರ್‌ಎಸ್-232 ಕೇಬಲಿನಲ್ಲಿ ತೂಕವನ್ನು ಸೆಕೆಂಡಿಗೆ ಹಲವು ಸಲ ಉಗುಳುತ್ತಿರುತ್ತದೆ. ಬಾಡ್ ದರ, ಅಂದರೆ ವೈರಿನಲ್ಲಿ ಬಿಟ್ಟುಗಳು ಹರಿಯುವ ವೇಗ, 9600 ಇರಬಹುದು, 2400 ಇರಬಹುದು. ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್ ಎಂಬುದು ವಾಡಿಕೆಯಾದರೂ ಎಲ್ಲ ಇಂಡಿಕೇಟರಿನದ್ದೂ ಹಾಗೇ ಎಂದು ನಂಬಬಾರದು. ಕಂಪನಿ ಕೊಟ್ಟ ಹಾಳೆ ನೋಡಿ, ಒಂದು ಟರ್ಮಿನಲ್ ಸಾಫ್ಟ್‌ವೇರಿನಲ್ಲಿ ಬಂದದ್ದನ್ನು ಹೆಕ್ಸ್‌ನಲ್ಲಿ ಬರೆದುಕೊಂಡು ಆಮೇಲೆ ಕೋಡಿಗೆ ಕೂರಬೇಕು.

ಮೊದಲ ತಪ್ಪು ಇಲ್ಲೇ ಆಗುತ್ತದೆ. 24,560 ಎಂಬ ತೂಕ ಒಂದೇ ತುಂಡಾಗಿ ಬರುತ್ತದೆ ಎಂದುಕೊಂಡು ಬರೆದ ಕೋಡು, ಒಮ್ಮೆ ‘24’, ಇನ್ನೊಮ್ಮೆ ‘560’ ಎಂದು ಓದುತ್ತದೆ. ಬಂದ ಬೈಟುಗಳನ್ನು ಬಫರಿನಲ್ಲಿ ಸೇರಿಸುತ್ತ ಹೋಗಿ, ಸಾಲಿನ ಕೊನೆಯ ಗುರುತು ಸಿಕ್ಕ ಮೇಲೆ ಮಾತ್ರ ಸಂಖ್ಯೆ ಎಂದು ಎಣಿಸಬೇಕು. ಐದಾರು ಸಾಲು ಒಂದೇ ತೂಕ ತೋರಿಸಿದರೆ ಗಾಡಿ ಅಲುಗಾಡುವುದು ನಿಂತಿದೆ ಎಂದರ್ಥ. ಆಮೇಲಷ್ಟೇ ‘ತೂಕ ಹಿಡಿ’ ಬಟನ್ ಜೀವ ಪಡೆಯಲಿ. ತೂಕದ ಪೆಟ್ಟಿಗೆಯಲ್ಲಿ ಯಾರೂ ಕೈಯಿಂದ ಟೈಪ್ ಮಾಡುವಂತಿರಬಾರದು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ.

ಎರಡನೇ ತಪ್ಪು ಎಳೆಯದ್ದು, ಅಂದರೆ ಒಂದೇ ಸಾಫ್ಟ್‌ವೇರಿನೊಳಗೆ ಜೊತೆಜೊತೆಗೆ ಓಡುವ ಥ್ರೆಡ್‌ಗಳದ್ದು. ಡಾಟ್‌ನೆಟ್‌ನಲ್ಲಿ ಸೀರಿಯಲ್ ಪೋರ್ಟಿನ ಡೇಟಾರಿಸೀವ್ಡ್ ಘಟನೆ ಪರದೆಯ ಥ್ರೆಡ್ಡಿನಲ್ಲಿ ನಡೆಯುವುದಿಲ್ಲ. ಅಲ್ಲಿಂದ ನೇರವಾಗಿ ಲೇಬಲಿಗೆ ತೂಕ ಬರೆಯಲು ಹೋದರೆ ಕ್ರಾಸ್-ಥ್ರೆಡ್ ದೋಷ ಬಂದು ನಿಲ್ಲುತ್ತದೆ. ಬಿಗಿನ್‌ಇನ್‌ವೋಕ್ ಮೂಲಕ ದಾಟಿಸಬೇಕು. ಇನ್‌ವೋಕ್ ಬಳಸಿದರೂ ನಡೆಯುತ್ತದೆ, ಆದರೆ ಮುಚ್ಚುವ ಹೊತ್ತಿಗೆ ಪರದೆ ಪೋರ್ಟಿಗೆ ಕಾಯುತ್ತ, ಪೋರ್ಟು ಪರದೆಗೆ ಕಾಯುತ್ತ ಎರಡೂ ಕೂತುಬಿಡುವುದುಂಟು. ‘ಸಾಫ್ಟ್‌ವೇರ್ ಬಂದ್ ಮಾಡಿದರ ಹ್ಯಾಂಗ್ ಆಗ್ತದ’ ಎಂಬ ದೂರಿನ ಮೂಲ ಅನೇಕ ಸಲ ಇದೇ.

ಈ ಒಂದು ವೈರಿನ ಲೆಕ್ಕದಲ್ಲೇ ತಂತ್ರಜ್ಞಾನಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ವಿನ್‌ಫಾರ್ಮ್ಸ್, ಡಬ್ಲ್ಯುಪಿಎಫ್, ಅವಲೋನಿಯಾ ಮೂರಕ್ಕೂ ಒಂದೇ ಡಾಟ್‌ನೆಟ್ ಸೀರಿಯಲ್ ಲೈಬ್ರರಿ ಸಾಕು. ಕ್ಯೂಟಿಗೆ ಅದರದ್ದೇ ಸೀರಿಯಲ್ ಮಾಡ್ಯೂಲು ಇದೆ, ಒಳ್ಳೆಯದೂ ಹೌದು. ಎಲೆಕ್ಟ್ರಾನ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಸೀರಿಯಲ್ ಪ್ಯಾಕೇಜು ಬೇಕು. ಅದರೊಳಗೆ ನೇಟಿವ್ ಕೋಡು ಇರುವುದರಿಂದ ಎಲೆಕ್ಟ್ರಾನ್ ಆವೃತ್ತಿಗೆ ಹೊಂದದಿದ್ದರೆ ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ. ಟೌರಿಯಲ್ಲಿ ವೈರು ಓದುವ ಭಾಗವನ್ನು ರಸ್ಟ್ ಭಾಷೆಯಲ್ಲಿ ಬರೆಯಬೇಕು. ಬಾಗಲಕೋಟೆಯಲ್ಲಿ ರಸ್ಟ್ ಬಲ್ಲವರನ್ನು ಹುಡುಕುವ ಹೊತ್ತಿಗೆ ಹಂಗಾಮೇ ಮುಗಿದೀತು.

ಇನ್ನೊಂದು ಸಣ್ಣ ಸಂಗತಿ. ಹೊಸ ಯಂತ್ರಗಳಲ್ಲಿ ಸೀರಿಯಲ್ ಪೋರ್ಟೇ ಇರುವುದಿಲ್ಲ. ಯುಎಸ್‌ಬಿ ಪರಿವರ್ತಕ ಹಾಕಿದರೆ, ಅದನ್ನು ಬೇರೆ ತೂತಿಗೆ ಚುಚ್ಚಿದ ದಿನ ಕಾಮ್ 3 ಇದ್ದದ್ದು ಕಾಮ್ 5 ಆಗಬಹುದು. ಪೋರ್ಟ್ ಸಂಖ್ಯೆಯನ್ನು ಕೋಡಿನಲ್ಲಿ ಕೆತ್ತದೆ ಸೆಟ್ಟಿಂಗಿನಲ್ಲಿಡಬೇಕು, ಇರುವ ಪೋರ್ಟುಗಳ ಪಟ್ಟಿಯನ್ನು ಪರದೆಯೇ ತೋರಿಸಬೇಕು. ಅಗ್ಗದ ನಕಲಿ ಚಿಪ್ಪಿನ ಪರಿವರ್ತಕಕ್ಕೆ ಹೊಸ ವಿಂಡೋಸ್‌ನ ಚಾಲಕ ಸ್ಪಂದಿಸದೆ ಇರುವುದೂ ಉಂಟು. ಕೋಡಿನಲ್ಲಿ ತಪ್ಪು ಹುಡುಕುವ ಮೊದಲು ಪರಿವರ್ತಕ ಬದಲಿಸಿ ನೋಡುವುದು ಮೇಲು.

ಒತ್ತಕ್ಷರ ಕತ್ತರಿಸಿದರೆ

ಕನ್ನಡ ಪರದೆಗೆ ಎರಡು ಬೇರೆ ಬೇರೆ ಪರೀಕ್ಷೆಗಳಿವೆ: ಅಕ್ಷರ ಸರಿಯಾಗಿ ಕೂಡುತ್ತದೆಯೇ, ಕೂಡಿದ್ದು ಪೂರ್ತಿ ಕಾಣುತ್ತದೆಯೇ. ಮೊದಲನೆಯದರಲ್ಲಿ ಇಂದಿನ ಹೆಚ್ಚಿನ ತಂತ್ರಜ್ಞಾನಗಳು ಪಾಸಾಗುತ್ತವೆ. ವಿಂಡೋಸ್‌ನ ಸ್ವಂತ ಪರದೆಗಳಿಗೆ ವಿಂಡೋಸ್‌ನದ್ದೇ ಅಕ್ಷರ ಜೋಡಣೆಯ ಯಂತ್ರವಿದೆ. ಕ್ಯೂಟಿ, ಎಲೆಕ್ಟ್ರಾನ್ ಒಳಗಿನ ಕ್ರೋಮಿಯಂ ಬ್ರೌಸರ್, ಫ್ಲಟರ್, ಅವಲೋನಿಯಾ ಹಾರ್ಫ್‌ಬಝ್ ಲೈಬ್ರರಿಯನ್ನು ಬಳಸುತ್ತವೆ. ತಪ್ಪುವುದು ಪೈಥಾನ್ ಜೊತೆಗೇ ಬರುವ, ಟಿಕೆ ಎಂಬ ಸಲಕರಣೆಯ ಮೇಲೆ ನಿಂತ ಟಿಕಿಂಟರ್. ಲಿನಕ್ಸ್‌ನಲ್ಲಿ ಟಿಕೆ 8.6ಕ್ಕೆ ಭಾರತೀಯ ಲಿಪಿ ಜೋಡಿಸಲು ಬರುವುದಿಲ್ಲ, ಒತ್ತುಗಳು ಕೆಳಗಿಳಿಯದೆ ಪಕ್ಕಕ್ಕೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಕಾಲೇಜಿನ ಪ್ರಾಜೆಕ್ಟನ್ನು ವಿಂಡೋಸ್‌ನಲ್ಲಿ ಮಾಡಿ ತೋರಿಸಿ, ಆಮೇಲೆ ಸಂಘದ ಉಬುಂಟು ಯಂತ್ರಕ್ಕೆ ಹಾಕಿದಾಗ ಇದು ಬಯಲಾಗುತ್ತದೆ.

ಎರಡನೇ ಪರೀಕ್ಷೆಯಲ್ಲಿ ಬೀಳುವವರು ಹೆಚ್ಚು. ಇಂಗ್ಲಿಷಿಗೆಂದು ಎತ್ತರ ಕಟ್ಟಿಟ್ಟ ಲೇಬಲಿನಲ್ಲಿ ‘ರಾಷ್ಟ್ರೀಯ’, ‘ಗುಳೇದಗುಡ್ಡ’, ‘ಮುದ್ದೇಬಿಹಾಳ’, ‘ಚಿಕ್ಕೋಡಿ’ ಬರೆದು ನೋಡಿ, ಕೆಳಗಿನ ಒತ್ತು ಅರ್ಧ ಕತ್ತರಿಸಿರುತ್ತದೆ. ವಿನ್‌ಫಾರ್ಮ್ಸ್‌ನಲ್ಲಿ ಲೇಬಲಿಗೆ ಆಟೋಸೈಜ್ ಇಟ್ಟು, ಕೋಷ್ಟಕದ ಸಾಲಿನ ಎತ್ತರವನ್ನು 11 ಪಾಯಿಂಟ್ ನಿರ್ಮಲಾ ಯುಐ ಫಾಂಟಿಗೆ 32 ಪಿಕ್ಸೆಲ್ ಕೊಟ್ಟರೆ ನಿರಾಳ. ಅಕ್ಷರವನ್ನು ಕೈಯಾರೆ ಬಿಡಿಸುವ ಕಡೆ ಗ್ರಾಫಿಕ್ಸ್‌ನ ಡ್ರಾಸ್ಟ್ರಿಂಗ್ ಬದಲು ಟೆಕ್ಸ್ಟ್‌ರೆಂಡರರ್ ಬಳಸಬೇಕು. ಇಲ್ಲದಿದ್ದರೆ ಅಳತೆ ಒಂದು ಕಡೆ, ಬಿಡಿಸಿದ್ದು ಇನ್ನೊಂದು ಕಡೆ ಆಗುತ್ತದೆ. ಎಕ್ಸ್‌ಪಿಯ ಕಾಲದ ತುಂಗಾ ಫಾಂಟ್ ಚಿಕ್ಕ ಅಳತೆಯಲ್ಲಿ ಕಣ್ಣಿಗೆ ತ್ರಾಸು. ನಿರ್ಮಲಾ ಯುಐ ವಿಂಡೋಸ್ 8ರಿಂದ ಜೊತೆಗೇ ಬರುತ್ತದೆ. ಲಿನಕ್ಸ್‌ಗೂ ಹೋಗಬೇಕಾದರೆ ನೋಟೋ ಸಾನ್ಸ್ ಕನ್ನಡವನ್ನು ಸಾಫ್ಟ್‌ವೇರಿನೊಳಗೇ ಕಟ್ಟಿ ಕಳಿಸಬಹುದು, ಅದರ ಪರವಾನಗಿ ಅದಕ್ಕೆ ಒಪ್ಪುತ್ತದೆ.

ಕಾಣುವುದು ಸರಿಯಾದರೂ ಹುಡುಕಾಟ ಕೈಕೊಡುತ್ತದೆ. ‘ಸೋಮಪ್ಪ’ದ ಸೋ ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ, ತುಂಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ‘ಸಾಫ್ಟ್‌ವೇರ್’ ಎಂಬಂಥ ಪದಗಳ ನಡುವೆ ಕೂರುವ ಕಣ್ಣಿಗೆ ಕಾಣದ ಸಂಕೇತಗಳೂ ಹೀಗೇ ಕಾಡುತ್ತವೆ. ಉಳಿಸುವ ಮೊದಲು ಪ್ರತಿ ಹೆಸರನ್ನು ಎನ್‌ಎಫ್‌ಸಿ ಎಂಬ, ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯುನಿಕೋಡ್ ರೂಪಕ್ಕೆ ತರಬೇಕು. ಹುಡುಕಾಟಕ್ಕೆ ಇನ್ನೊಂದು ಕಾಲಂ ಇಟ್ಟು, ಅದರಲ್ಲಿ ಆ ಅದೃಶ್ಯ ಸಂಕೇತಗಳನ್ನು ತೆಗೆದ ಪ್ರತಿ ಇಡಬೇಕು. ಊರಿನ ಹೆಸರಿಗೆ ಮಾತ್ರ ಕೋಡ್ ಸಂಖ್ಯೆಯೇ ವಾಸಿ: 2014ರ ನವೆಂಬರ್ 1ರಂದು ಹೆಸರು ಬದಲಾದ ಬೆಳಗಾವಿ, ವಿಜಯಪುರ ಇಂದಿಗೂ ಒಂದೇ ಡೇಟಾಬೇಸಿನಲ್ಲಿ ಮೂರು ಮೂರು ಕಾಗುಣಿತದಲ್ಲಿ ಬದುಕಿವೆ. ಬೆಳಗಾವಿ ಕಡೆಯ ಗಿರಾಕಿ ಮರಾಠಿಯನ್ನೂ ಕೇಳುವುದರಿಂದ ಪರದೆಯ ಪದಗಳನ್ನೆಲ್ಲ ಸಂಪನ್ಮೂಲ ಫೈಲಿನಲ್ಲಿಟ್ಟು, ಅತಿ ಉದ್ದದ ಭಾಷೆಗೆ ಅಗಲ ಬಿಟ್ಟು ಪರದೆ ಕಟ್ಟಬೇಕು.

ಚೀಟಿ ಹೊಡೆಯುವುದು

ಡಾಟ್ ಮ್ಯಾಟ್ರಿಕ್ಸ್‌ಗೆ ನೇರ ಪಠ್ಯ ಕಳಿಸಿದರೆ 80 ಕಾಲಮ್ಮಿನ ಚೀಟಿ ಕಣ್ಣು ಮಿಟುಕಿಸುವುದರಲ್ಲಿ ಬರುತ್ತದೆ. ಕನ್ನಡ ಬೇಕೆಂದರೆ ಚಿತ್ರವಾಗಿ ಹೊಡೆಯಬೇಕು, ಆಗ ತಲೆ ಹಲವು ಸಲ ಓಡಾಡುತ್ತದೆ, 9 ಪಿನ್ನಿನ ಯಂತ್ರದಲ್ಲಿ ಸಣ್ಣ ಒತ್ತುಗಳು ಮಸಿಯ ಚುಕ್ಕೆಯಾಗುತ್ತವೆ. ಇದಕ್ಕೆ ಹಳಬರ ಉಪಾಯವೇ ಚೆನ್ನ: ಕನ್ನಡ ತಲೆಬರಹಗಳನ್ನೆಲ್ಲ ಪ್ರೆಸ್ಸಿನಲ್ಲಿ ಮೊದಲೇ ಮುದ್ರಿಸಿಟ್ಟ ಹಾಳೆ, ಯಂತ್ರ ಹೊಡೆಯುವುದು ಸಂಖ್ಯೆ ಮಾತ್ರ. ಥರ್ಮಲ್ ಪ್ರಿಂಟರಾದರೆ ಸಾಲು ಪೂರ್ತಿ ಚಿತ್ರ ಮಾಡಿ ಕಳಿಸುವುದು ಸುಲಭ. 80 ಮಿಲಿಮೀಟರಿನ ಕಾಗದಕ್ಕೆ 203 ಡಿಪಿಐನಲ್ಲಿ ಅಗಲ 576 ಚುಕ್ಕೆ, 58 ಮಿಲಿಮೀಟರಿಗೆ 384. ಆದರೆ ಥರ್ಮಲ್ ಚೀಟಿಗೆ ಕಾರ್ಬನ್ ಪ್ರತಿ ಇಲ್ಲ, ಬಿಸಿಲಿಗೆ ಅಕ್ಷರ ಮಾಸುತ್ತದೆ. ರೈತ ಬಿಲ್ಲು ಬರುವವರೆಗೆ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾನೆ.

ಬ್ರೌಸರಿನಲ್ಲಿ ಓಡುವ ಸಾಫ್ಟ್‌ವೇರ್ ಇಲ್ಲಿ ಎಡವುತ್ತದೆ. ಪ್ರತಿ ಚೀಟಿಗೂ ಪ್ರಿಂಟ್ ಪೆಟ್ಟಿಗೆ ಎದ್ದು ಬರುತ್ತದೆ. ಅಲ್ಲದೆ ಟ್ಯಾಲಿಗೆ ಕೈ ಒಗ್ಗಿದ ಗುಮಾಸ್ತರು ಎಂಟರ್ ಒತ್ತಿ ಮುಂದಿನ ಜಾಗಕ್ಕೆ ಹೋಗುತ್ತಾರೆ, ಎಫ್ ಕೀಲಿಗಳಿಂದ ಕೆಲಸ ಮಾಡುತ್ತಾರೆ. ಬ್ರೌಸರು ಎಫ್5ಕ್ಕೆ ಪುಟ ಮತ್ತೆ ತೆರೆದು ಅರ್ಧ ತುಂಬಿದ್ದನ್ನು ಅಳಿಸಿಬಿಡುತ್ತದೆ. ಎಲೆಕ್ಟ್ರಾನ್‌ನಲ್ಲಿ ಎರಡನ್ನೂ ಹತೋಟಿಗೆ ತರಬಹುದು, ಪೆಟ್ಟಿಗೆ ಏಳಿಸದೆ ಮುದ್ರಿಸಲೂ ಬರುತ್ತದೆ. ವಿನ್‌ಫಾರ್ಮ್ಸ್‌ನಲ್ಲೂ ಎಂಟರ್ ತಾನಾಗಿ ಮುಂದೆ ಹೋಗುವುದಿಲ್ಲ, ಆದರೆ ಮೂಲ ಫಾರ್ಮಿನ ಪ್ರೊಸೆಸ್‌ಸಿಎಂಡಿಕೀಯಲ್ಲಿ ಒಮ್ಮೆ ಬರೆದರೆ ಎಲ್ಲ ಪರದೆಗೂ ಬರುತ್ತದೆ.

ತಕ್ಕಡಿಗೆ ಹಾಕಿದರೆ

ಒಂಟಿ ಕೋಣೆ, ಒಂದು ವೈರು, ಒಂದು ಪ್ರಿಂಟರ್, ವಿಂಡೋಸ್ ಮಾತ್ರ: ಇಂಥ ಕಡೆಗೆ ನಮ್ಮ ಆಯ್ಕೆ ವಿನ್‌ಫಾರ್ಮ್ಸ್. 2002ರದ್ದು, ಹಳೆಯದು, ನೋಡಲು ಸಾದಾ. ಆದರೆ 4 ಜಿಬಿ ಯಂತ್ರದಲ್ಲಿ ಹಗುರ, ಮೇಲೆ ಹೇಳಿದ ಎಲ್ಲ ತೊಡಕಿಗೂ ಅದರಲ್ಲಿ ತಿಳಿದ ಪರಿಹಾರವಿದೆ. ಅದರ ನಿಜವಾದ ದೌರ್ಬಲ್ಯ ಪರದೆಯ ಅಳತೆ. 125 ಪ್ರತಿಶತ ಸ್ಕೇಲಿನ ಲ್ಯಾಪ್‌ಟಾಪಿನಲ್ಲಿ ವಿನ್ಯಾಸ ಮಾಡಿದ ಫಾರ್ಮು 100 ಪ್ರತಿಶತದ ಮಾನಿಟರಿನಲ್ಲಿ ಕುಗ್ಗಿ, ಬಟನ್ನುಗಳು ಒಂದರ ಮೇಲೊಂದು ಹತ್ತುತ್ತವೆ. ವಿನ್ಯಾಸವನ್ನು ಯಾವಾಗಲೂ 100 ಪ್ರತಿಶತದಲ್ಲೇ ಮಾಡಿ, ಜಾಗವನ್ನು ಪಿಕ್ಸೆಲ್ಲಿನಲ್ಲಿ ನೆಡದೆ ಟೇಬಲ್ ಲೇಔಟ್ ಪ್ಯಾನೆಲಿನಲ್ಲಿ ಕೂರಿಸಬೇಕು. 1366×768 ಮಾನಿಟರಿನಲ್ಲಿ ವಿಂಡೋಸ್ 11ರ ಟಾಸ್ಕ್‌ಬಾರ್ ಕಳೆದರೆ ಉಳಿಯುವ ಎತ್ತರ 720 ಪಿಕ್ಸೆಲ್. ‘ಉಳಿಸು’ ಬಟನ್ ಅದರೊಳಗೆ ಬರಲೇಬೇಕು.

ಇಲ್ಲೊಂದು ಮಾತು ಕೆಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಹೊಸ ಕೆಲಸಕ್ಕೆ ಡಾಟ್‌ನೆಟ್ 10 ಎಂಬುದು ಸಾಮಾನ್ಯ ಸಲಹೆ, ಅದಕ್ಕೆ 2028ರ ನವೆಂಬರ್‌ವರೆಗೆ ಬೆಂಬಲವಿದೆ. ಡಾಟ್‌ನೆಟ್ 8ಕ್ಕೆ 2026ರ ನವೆಂಬರ್‌ವರೆಗೆ ಮಾತ್ರ. ಆದರೆ ಇಂಟರ್ನೆಟ್ ಇಲ್ಲದ, ಕೂರಿಸಿದ ಮೇಲೆ ಆರೇಳು ವರ್ಷ ಯಾರೂ ಹೊರಳಿ ನೋಡದ ಕೋಣೆಗೆ ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ಹೆಚ್ಚು ಬುದ್ಧಿವಂತಿಕೆಯದ್ದು. ಅದು ವಿಂಡೋಸ್‌ನ ಭಾಗವಾಗಿಯೇ ಬರುತ್ತದೆ, ಬೇರೆ ರನ್‌ಟೈಮ್ ಹಾಕಬೇಕಿಲ್ಲ, ವಿಂಡೋಸ್ ಇರುವವರೆಗೆ ಅದರ ಬೆಂಬಲವೂ ಇರುತ್ತದೆ. ಹೊಸ ಸೌಲಭ್ಯ ಬರುವುದಿಲ್ಲ, ನಿಜ. ಕಾಟಾಗೆ ಹೊಸ ಸೌಲಭ್ಯ ಏನು ಬೇಕು?

ಡಬ್ಲ್ಯುಪಿಎಫ್ 2006ರಿಂದ ಇದೆ. ಕಾರ್ಖಾನೆಯ ಯಾರ್ಡಿನಲ್ಲಿ ನಿಂತ ಗಾಡಿಗಳ ಸಾಲನ್ನು ದೊಡ್ಡ ಟಿವಿಯಲ್ಲಿ ಬಣ್ಣಬಣ್ಣವಾಗಿ ತೋರಿಸಬೇಕಾದರೆ, ಒಂದೇ ದತ್ತಾಂಶ ನಾಲ್ಕು ಕಡೆ ಜೀವಂತ ಬದಲಾಗಬೇಕಾದರೆ ಅದು ವಿನ್‌ಫಾರ್ಮ್ಸ್‌ಗಿಂತ ಮೇಲು. ಕಲಿಯಲು ಹೆಚ್ಚು ಹೊತ್ತು ಬೇಕು. ದತ್ತಾಂಶವನ್ನು ಪರದೆಗೆ ಜೋಡಿಸುವ ಬೈಂಡಿಂಗಿನಲ್ಲಿ ಹೆಸರು ತಪ್ಪಿದರೆ ಸಾಫ್ಟ್‌ವೇರ್ ನಿಲ್ಲುವುದಿಲ್ಲ, ಪೆಟ್ಟಿಗೆ ಸುಮ್ಮನೆ ಖಾಲಿ ಕೂರುತ್ತದೆ. ಹೊಸಬರು ಅರ್ಧ ದಿನ ಕಳೆಯುವುದು ಇಲ್ಲಿ. ವಿನ್‌ಯುಐ 3 ನೋಡಲು ಚೆಂದ, ಆದರೆ ಜೊತೆಗೇ ಬರುವ ಡೇಟಾಗ್ರಿಡ್, ಅಂದರೆ ಲೆಕ್ಕ ತುಂಬುವ ಕೋಷ್ಟಕ, ಇಲ್ಲ. ಸಾಲು ಸಾಲಾಗಿ ಲೆಕ್ಕ ತುಂಬುವ ಅಡತಿ ಅಂಗಡಿಗೆ ಗ್ರಿಡ್ ಇಲ್ಲದ ಪರದೆ ಕೊಟ್ಟು ಏನು ಮಾಡುವುದು.

ಎಲೆಕ್ಟ್ರಾನ್ ಬಗ್ಗೆ ದೂರುವುದು ರ‍್ಯಾಮ್ ತಿನ್ನುತ್ತದೆ ಎಂದು. ಒಳಗೆ ಪೂರ್ತಿ ಕ್ರೋಮಿಯಂ ಇರುವುದರಿಂದ ಅದು ಸಹಜ. ಅದಕ್ಕಿಂತ ದೊಡ್ಡ ಲೆಕ್ಕ ಬೇರೆ: ಎಂಟು ವಾರಕ್ಕೊಂದು ದೊಡ್ಡ ಆವೃತ್ತಿ ಬರುತ್ತದೆ, ಬೆಂಬಲ ಇತ್ತೀಚಿನ ಮೂರಕ್ಕೆ ಮಾತ್ರ. ಅಂದರೆ ಕೂರಿಸಿ ಆರು ತಿಂಗಳಾಗುವಷ್ಟರಲ್ಲಿ ನಿಮ್ಮದು ಹಳತು. 2023ರಲ್ಲಿ ಎಲೆಕ್ಟ್ರಾನ್ 23 ಬಂದಾಗ ವಿಂಡೋಸ್ 7, 8 ಎರಡನ್ನೂ ಒಟ್ಟಿಗೆ ಕೈಬಿಟ್ಟಿತು. ಟೌರಿಯ ಇನ್‌ಸ್ಟಾಲರ್ ಕೆಲವೇ ಎಂಬಿ ಎಂದು ಹಿಗ್ಗುವವರಿದ್ದಾರೆ. ಅದು ಯಂತ್ರದಲ್ಲಿ ಮೊದಲೇ ಇರುವ ವೆಬ್‌ವ್ಯೂ2 ಎಂಬ ಬ್ರೌಸರ್ ಭಾಗವನ್ನು ಬಳಸುವುದರಿಂದ ಪೊಟ್ಟಣ ಸಣ್ಣದು, ಆದರೆ ಓಡುವಾಗ ಆ ವೆಬ್‌ವ್ಯೂ ತಿನ್ನುವ ರ‍್ಯಾಮ್ ತಿಂದೇ ತಿನ್ನುತ್ತದೆ.

ಹಾಗೆಂದು ವೆಬ್ಬಿನ ದಾರಿ ಎಲ್ಲೂ ಬೇಡವೆಂದಲ್ಲ. ಐದಾರು ಶಾಖೆಯ ಪತ್ತಿನ ಸಂಘಕ್ಕೆ ಡೆಸ್ಕ್‌ಟಾಪ್ ಸಾಫ್ಟ್‌ವೇರೇ ಬೇಕಿಲ್ಲ. ಒಂದು ಸರ್ವರ್, ಶಾಖೆಗಳಲ್ಲಿ ಬ್ರೌಸರ್, ಪಾಸ್‌ಬುಕ್ ಮುದ್ರಣಕ್ಕಷ್ಟೇ ಸಣ್ಣದೊಂದು ಸ್ಥಳೀಯ ಸಹಾಯಕ ಸಾಕು. ಪಿಗ್ಮಿ ಏಜೆಂಟರಿಗೆ ಮೊಬೈಲ್ ಆಪ್ ಹೇಗೂ ಬರೆಯುವವರಿದ್ದರೆ ಫ್ಲಟರ್‌ನಲ್ಲಿ ಬರೆದು ಅದರದ್ದೇ ವಿಂಡೋಸ್ ರೂಪವನ್ನು ಶಾಖೆಯಲ್ಲಿ ಓಡಿಸಬಹುದು. ವಿಂಡೋಸ್‌ಗೆ ಅದು 2022ರಿಂದ ಸ್ಥಿರವಾಗಿದೆ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಯಂತ್ರಭಾಗಗಳ ಘಟಕಗಳ ಲೆಕ್ಕ ಮತ್ತೆ ಬೇರೆ. ಕುಲುಮೆಯ ಉಷ್ಣತೆಯ ಗೆರೆ ಸೆಕೆಂಡಿಗೆ ಹತ್ತಾರು ಸಲ ಚಲಿಸಬೇಕು, ಯಂತ್ರದ ಪಕ್ಕದ ಪೆಟ್ಟಿಗೆಯಲ್ಲಿ ಲಿನಕ್ಸ್ ಇರಬಹುದು. ಅಲ್ಲಿ ಕ್ಯೂಟಿ ತನ್ನ ಬಲ ತೋರಿಸುತ್ತದೆ. ಪರವಾನಗಿ ಓದಿಕೊಳ್ಳಬೇಕು: ಎಲ್‌ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಬಳಸುವುದಾದರೆ ಲೈಬ್ರರಿಯನ್ನು ಬೇರೆ ಡಿಎಲ್‌ಎಲ್ ಆಗಿ ಇಟ್ಟು, ಗಿರಾಕಿ ಅದನ್ನು ಬದಲಿಸಿಕೊಳ್ಳಲು ಆಗುವಂತೆ ಕೊಡಬೇಕು. ಪೈಥಾನ್‌ನಲ್ಲಿ ಬರೆಯುವವರು ಕ್ಯೂಟಿಯನ್ನು ಬಳಸಲು ಇರುವ ಪೈಸೈಡ್6 ಮತ್ತು ಪೈಕ್ಯೂಟಿ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ಎಲ್‌ಜಿಪಿಎಲ್‌ನಲ್ಲಿ ಸಿಗುತ್ತದೆ. ಎರಡನೆಯದು ಮೂಲ ಕೋಡನ್ನೂ ಕೊಡಬೇಕೆನ್ನುವ ಜಿಪಿಎಲ್, ಇಲ್ಲವೇ ಹಣ ಕೊಟ್ಟ ಪರವಾನಗಿ. ಮೂಲ ಕೋಡು ಕೊಡದೆ ಮಾರುವುದಾದರೆ ಈ ವ್ಯತ್ಯಾಸ ದುಬಾರಿಯಾದೀತು. ಸಿ ಶಾರ್ಪ್ ತಂಡಕ್ಕೆ ಲಿನಕ್ಸ್ ಬೇಕಾದರೆ ಅವಲೋನಿಯಾ ಹತ್ತಿರದ ದಾರಿ. ಡಬ್ಲ್ಯುಪಿಎಫ್ ಬಲ್ಲವರಿಗೆ ಅದು ನೆಂಟರ ಮನೆಯಂತೆ. ಮೈಕ್ರೋಸಾಫ್ಟಿನದ್ದೇ ಇನ್ನೊಂದು ಸಲಕರಣೆ ಮೌಯಿಗೆ ಲಿನಕ್ಸ್ ಡೆಸ್ಕ್‌ಟಾಪಿನ ಅಧಿಕೃತ ಬೆಂಬಲವಿಲ್ಲ.

ಯಾವುದನ್ನು ಆರಿಸಿದರೂ ತೂಕ ಓದುವುದು, ದರ ಹಾಕುವುದು, ಕಡಿತದ ಲೆಕ್ಕ ಇವನ್ನೆಲ್ಲ ಪರದೆಯ ಹೆಸರೇ ಗೊತ್ತಿಲ್ಲದ ಬೇರೆ ಲೈಬ್ರರಿಯಲ್ಲಿ ಇಡಬೇಕು. ಬಟನ್ನಿನ ಕ್ಲಿಕ್ಕಿನೊಳಗೇ ಲೆಕ್ಕ ಬರೆದ ವಿಬಿ6 ಕೋಡನ್ನು ಇವತ್ತು ಬಿಡಿಸಲು ಆಗದೆ ಒದ್ದಾಡುತ್ತಿರುವುದೇ ಇದಕ್ಕೆ ಸಾಕ್ಷಿ. ಹೀಗೆ ಬೇರ್ಪಡಿಸಿದ್ದರೆ ಇನ್ನು ಹತ್ತು ವರ್ಷಕ್ಕೆ ಪರದೆ ಬದಲಿಸಬೇಕಾದಾಗ ಪರದೆ ಮಾತ್ರ ಬದಲಾಗುತ್ತದೆ.

ತೀರ್ಮಾನಕ್ಕೆ ಮುಂಚೆ ಮೂರು ದಿನದ ಮಾದರಿಯೊಂದನ್ನು ಕಟ್ಟಿ, ನಿಜವಾದ ಕೋಣೆಯ ನಿಜವಾದ ಯಂತ್ರದಲ್ಲಿ ಓಡಿಸಿ. ಒಂದು ಪರದೆ, ಒಂದು ವೈರು, ಒಂದು ಚೀಟಿ ಸಾಕು. ಇನ್‌ಸ್ಟಾಲರಿಗೆ ಸಹಿ ಇಲ್ಲದಿದ್ದರೆ ಸ್ಮಾರ್ಟ್‌ಸ್ಕ್ರೀನ್ ತಡೆಯುವುದು, ಪೈಥಾನ್‌ನ ಒಂದೇ ಫೈಲಿನ ಎಕ್ಸಿಯನ್ನು ಆಂಟಿವೈರಸ್ ಕಳ್ಳನೆಂದು ಹಿಡಿಯುವುದು ಎಲ್ಲ ಅಲ್ಲೇ ಗೊತ್ತಾಗುತ್ತದೆ. ಆಪರೇಟರ್ ಮೌಸ್ ಮುಟ್ಟದೆ ಹತ್ತು ಚೀಟಿ ಮಾಡಲಿ. ಆಮೇಲೆ, ಕಾಟಾದ ಮೇಲೆ ಗಾಡಿ ನಿಂತಿರುವಾಗಲೇ, ಇಂಡಿಕೇಟರಿನ ಕೇಬಲ್ ಕಿತ್ತುಬಿಡಿ. ಎರಡು ಸೆಕೆಂಡಿನೊಳಗೆ ತೂಕದ ಜಾಗ ಖಾಲಿಯಾಗಿ ‘ಸಂಪರ್ಕ ಇಲ್ಲ’ ಎಂದು ಬರಬೇಕು, ‘ತೂಕ ಹಿಡಿ’ ಬಟನ್ ಸತ್ತಿರಬೇಕು. ಕೊನೆಗೆ ಬಂದ ತೂಕ ಹಾಗೇ ಪರದೆಯಲ್ಲಿ ಕೂತಿದ್ದರೆ ಮುಂದಿನ ಗಾಡಿಗೂ ಅದೇ ತೂಕದ ಚೀಟಿ ಹೋಗುತ್ತದೆ. ಅದನ್ನು ಸರಿಪಡಿಸುವವರೆಗೆ ಹಳೆಯ ವಿಬಿ6 ಓಡುತ್ತಿರಲಿ.